ಯೋಜನೆ ಮನೆ ತಲುಪಿತೇ?

2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಕೈಯಲ್ಲಿ ಮೊಬೈಲ್, ಹೆಗಲಲ್ಲಿ ಚೀಲ ಹಿಡಿದು ಮನೆ ಮನೆಗೆ ಹೋದವರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕರು. ನಮ್ಮ ಮೊಹಲ್ಲಾಗಳಿಗೆ ಹೋಗಿ ಬಂದ ಪರಿಚಯದ ಶಿಕ್ಷಕಿಯೊಬ್ಬರು ಹೇಳಿದರು: "ಮೂರು ಮನೆಗೆ ಒಂದು ಮನೆಯಲ್ಲಿ ಬಾಗಿಲು ಅರ್ಧ ತೆರೆದುಕೊಳ್ಳುತ್ತದೆ. ಮನೆಯಲ್ಲಿ ಗಂಡಸರಿಲ್ಲ, ಸಾಯಂಕಾಲ ಬನ್ನಿ ಎನ್ನುತ್ತಾರೆ. ಸಾಯಂಕಾಲ ಹೋದರೆ ಗಂಡಸರು, ಹೆಂಗಸರ ವಿಷಯ ನಮಗೆ ಗೊತ್ತಿಲ್ಲ ಎನ್ನುತ್ತಾರೆ."

ಅದೇ ವರ್ಷದ ಮೇ 5ರಿಂದ ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗವು ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೆಸಿತ್ತು. ಆಗ ಮೈಸೂರಿನ ಅಶೋಕಪುರಂನಲ್ಲಿ ನಾನು ಕಂಡದ್ದು ಬೇರೆಯೇ ಚಿತ್ರ. ಅಶೋಕಪುರಂ ನಗರದ ದಕ್ಷಿಣಕ್ಕೆ, ರೈಲ್ವೆ ಕಾರ್ಯಾಗಾರದ ಪಕ್ಕದಲ್ಲಿರುವ ಹಳೆಯ ಬಡಾವಣೆ. ಹೆಚ್ಚಿನ ಮನೆಗಳು ದಲಿತರವು. ನನ್ನ ತರಗತಿಯ ಮಕ್ಕಳಲ್ಲಿ ಅನೇಕರು ಅಲ್ಲಿನವರೇ. ಆ ದಿನಗಳಲ್ಲಿ ಅಂಬೇಡ್ಕರ್ ಉದ್ಯಾನದ ಬಳಿಯ ಚಹದ ಅಂಗಡಿಯಲ್ಲಿ ನಿಂತರೂ ಅದೇ ಮಾತು: ಗಣತಿಯವರು ಬಂದರೇ, ಉಪಜಾತಿ ಏನೆಂದು ಬರೆಸಿದಿರಿ, ಬಾಡಿಗೆ ಮನೆಯವರನ್ನು ಬಿಟ್ಟರಂತೆ, ವಾಪಸ್ ಕರೆಸಬೇಕು. ಓದು ಬರದ ಅಜ್ಜಿಯರಿಗೂ ಒಂದು ವಿಷಯ ತಿಳಿದಿತ್ತು. ಎಣಿಕೆಗೆ ಸಿಗದ ಮನೆಗೆ ಪಾಲೂ ಸಿಗುವುದಿಲ್ಲ.

ನಮ್ಮ ಹಿಂಜರಿಕೆಗೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. 2019ರ ಡಿಸೆಂಬರ್‌ನಿಂದ ಪೌರತ್ವದ ಚರ್ಚೆ ಎದ್ದಾಗ ಕಾಗದ ಕೇಳುವ ಪ್ರತಿಯೊಬ್ಬರೂ ನಮಗೆ ಅನುಮಾನದ ವ್ಯಕ್ತಿಗಳಾದರು. ಅದರ ಬೆನ್ನಿಗೇ ಕೊರೊನಾ ಬಂತು. ಜ್ವರವಿದೆಯೇ ಎಂದು ಕೇಳಲು ಬಂದ ಬಡ ಆಶಾ ಕಾರ್ಯಕರ್ತೆಯನ್ನೂ ಕೆಲವೆಡೆ ಹಿಂದಕ್ಕೆ ಕಳಿಸಿದ್ದಾಯಿತು. ಭಯ ಅರ್ಥವಾಗುತ್ತದೆ. ಆದರೆ ಆ ಭಯದ ಬೆಲೆಯನ್ನು ತೆರುತ್ತಿರುವವರು ಯಾರು? ಬಸುರಿ, ಬಾಣಂತಿ, ಹಾಲು ಕುಡಿಯುವ ಕೂಸು. ಸರಕಾರ ಆರೋಗ್ಯಕ್ಕೆ, ಆಹಾರಕ್ಕೆ ಖರ್ಚು ಮಾಡುವ ಹಣ ನಿಜಕ್ಕೂ ತಲುಪಬೇಕಾದವರಿಗೆ ತಲುಪಿತೇ ಎಂದು ಪರೀಕ್ಷಿಸುವ ಕೆಲಸ ನಡೆಯುವುದು ಈ ಬಾಗಿಲುಗಳಲ್ಲೇ. ಅದಕ್ಕೆ ಮೌಲ್ಯಮಾಪನ ಎಂದು ಹೆಸರು. ಹೆಸರು ದೊಡ್ಡದು, ವಿಷಯ ನಮ್ಮ ಅಡುಗೆ ಮನೆಯದು.

ಮದೀನಾದ ಒಂದು ರಾತ್ರಿ

ಹಝ್ರತ್ ಉಮರ್(ರ)ರವರ ಆಡಳಿತ ಕಾಲದ ಒಂದು ಘಟನೆಯನ್ನು ಚರಿತ್ರೆಕಾರ ಇಬ್ನು ಸಅದ್ ದಾಖಲಿಸಿದ್ದಾರೆ. ಮದ್ರಸದಲ್ಲಿ ಇದನ್ನು ನಮಗೆ ಖಲೀಫರ ಕರುಣೆಗೆ ದೃಷ್ಟಾಂತವಾಗಿ ಕಲಿಸಲಾಗುತ್ತಿತ್ತು. ನನಗೀಗ ಇದು ಆಡಳಿತದ ಪಾಠವಾಗಿ ಕಾಣುತ್ತದೆ.

ವ್ಯಾಪಾರಿಗಳ ತಂಡವೊಂದು ಮದೀನಾದ ಹೊರಗೆ ತಂಗಿತ್ತು. ಉಮರ್(ರ) ಮತ್ತು ಅಬ್ದುರ‍್ರಹ್ಮಾನ್ ಬಿನ್ ಔಫ್(ರ) ರಾತ್ರಿ ಕಾವಲಿಗೆ ಹೋದರು. ಒಂದು ಮಗು ಅಳುತ್ತಿತ್ತು. ಉಮರ್(ರ) ತಾಯಿಯ ಬಳಿ ಹೋಗಿ ಮಗುವನ್ನು ನೋಡಿಕೊಳ್ಳಮ್ಮಾ ಎಂದು ಹೇಳಿ ಬಂದರು. ಮತ್ತೆ ಅಳು. ಮತ್ತೆ ಹೋದರು. ರಾತ್ರಿಯ ಕೊನೆಯ ಜಾವದಲ್ಲೂ ಅಳು ನಿಲ್ಲದಾಗ, ಈ ಮಗು ರಾತ್ರಿಯಿಡೀ ಏಕೆ ಅಳುತ್ತಿದೆ ಎಂದು ಕೇಳಿದರು. ಎದುರಿಗಿರುವವರು ಯಾರೆಂದು ತಾಯಿಗೆ ಗೊತ್ತಿಲ್ಲ. ಮೊಲೆ ಬಿಡಿಸುತ್ತಿದ್ದೇನೆ, ಅದು ಒಪ್ಪುತ್ತಿಲ್ಲ ಎಂದಳು. ಇಷ್ಟು ಬೇಗ ಏಕೆ ಎಂದರೆ, ಮೊಲೆ ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ತೆ ಕೊಡುತ್ತಾರಲ್ಲ ಎಂದು ಉತ್ತರ ಬಂತು. ಮಗುವಿಗೆ ಆಗಿದ್ದದ್ದು ಕೆಲವೇ ತಿಂಗಳು.

ಆ ದಿನ ಫಜ್ರ್ ನಮಾಝಿನಲ್ಲಿ ಅವರ ಕುರ್‌ಆನ್ ಪಾರಾಯಣ ಅಳುವಿನಿಂದಾಗಿ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವಂತೆ. ನಮಾಝ್ ಮುಗಿಯುತ್ತಲೇ ಘೋಷಣೆ ಹೊರಟಿತು. ಮಕ್ಕಳ ಮೊಲೆ ಬಿಡಿಸಲು ಅವಸರ ಮಾಡಬೇಡಿ, ಇನ್ನು ಮುಂದೆ ಹುಟ್ಟಿದ ಪ್ರತಿಯೊಂದು ಮಗುವಿಗೂ ಭತ್ತೆ ಇದೆ. ಎಲ್ಲ ಪ್ರಾಂತಗಳಿಗೂ ಅದೇ ಆಜ್ಞೆ ಹೋಯಿತು.

ಗಮನಿಸಿ. ಹಳೆಯ ನಿಯಮ ಕೆಟ್ಟ ಉದ್ದೇಶದ್ದಾಗಿರಲಿಲ್ಲ. ಬೈತುಲ್ ಮಾಲ್‌ನ ಲೆಕ್ಕದಲ್ಲೂ ತಪ್ಪಿರಲಿಲ್ಲ. ಎಷ್ಟು ಮಕ್ಕಳಿಗೆ ಎಷ್ಟು ದಿರ್ಹಮ್ ಎಂದು ದಫ್ತರಿನಲ್ಲಿ ಸರಿಯಾಗಿಯೇ ಬರೆದಿರಬೇಕು. ಆ ದಫ್ತರಿನಲ್ಲಿ ಕಾಣದಿದ್ದದ್ದು ಒಂದೇ. ಭತ್ತೆಯ ಆಸೆಗೆ ತಾಯಂದಿರು ಕೂಸುಗಳ ಹಾಲು ಬಿಡಿಸುತ್ತಿದ್ದರು. ಅದು ಗೊತ್ತಾಗಬೇಕಾದರೆ ಯಾರಾದರೂ ಹೋಗಿ ಕೇಳಬೇಕಿತ್ತು, ತಾಯಿ ಭಯವಿಲ್ಲದೆ ಉತ್ತರಿಸಬೇಕಿತ್ತು, ಕೇಳಿದವನು ನಿಯಮ ಬದಲಿಸಲು ಸಿದ್ಧನಿರಬೇಕಿತ್ತು. ಈ ಮೂರೂ ಒಂದೇ ರಾತ್ರಿ ನಡೆದವು.

ನಮ್ಮ ಕಾಲದಲ್ಲಿ ಅಷ್ಟು ಬೇಗ ನಡೆಯುವುದಿಲ್ಲ. 2005ರಲ್ಲಿ ಕೇಂದ್ರ ಸರಕಾರ ಜನನಿ ಸುರಕ್ಷಾ ಯೋಜನೆ ತಂದಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಿಗೆ ಸಹಾಯಧನ, ನಮ್ಮಂತಹ ರಾಜ್ಯಗಳಲ್ಲಿ ಹಳ್ಳಿಯವರಿಗೆ 700, ನಗರದವರಿಗೆ 600 ರೂಪಾಯಿ. ಆದರೆ ಎರಡು ಹೆರಿಗೆಗಳಿಗೆ ಮಾತ್ರ ಎಂಬ ಷರತ್ತು, ತಾಯಿಗೆ 19 ವರ್ಷ ತುಂಬಿರಬೇಕೆಂಬ ಇನ್ನೊಂದು ಷರತ್ತು. ನಾಲ್ಕನೆಯ ಹೆರಿಗೆಯ ತಾಯಿಗೂ, ತೀರಾ ಚಿಕ್ಕ ವಯಸ್ಸಿನ ತಾಯಿಗೂ ಅಪಾಯ ಹೆಚ್ಚೆಂದು ಸೂಲಗಿತ್ತಿಗೂ ಗೊತ್ತು. ಯಾರಿಗೆ ಆಸ್ಪತ್ರೆ ಅತ್ಯಂತ ಅಗತ್ಯವೋ ಅವರನ್ನೇ ಷರತ್ತು ಹೊರಗಿಟ್ಟಿತು. ಅದು ತೆಗೆಯಲ್ಪಟ್ಟದ್ದು 2013ರ ಮೇ ತಿಂಗಳಲ್ಲಿ. ಎಂಟು ವರ್ಷ! 2017ರಲ್ಲಿ ಬಂದ ಮಾತೃ ವಂದನಾ ಯೋಜನೆಯಲ್ಲಿ ಮತ್ತೆ ಮೊದಲ ಮಗುವಿಗೆ ಮಾತ್ರ 5,000 ರೂಪಾಯಿ ಎಂದಾಯಿತು. ಎರಡನೆಯದು ಹೆಣ್ಣಾದರೆ ಅದಕ್ಕೂ ಇದೆ ಎಂಬ ತಿದ್ದುಪಡಿಗೆ 2022ರವರೆಗೆ ಕಾಯಬೇಕಾಯಿತು.

ಗಡಿಯ ಆಚೆ, ಗಡಿಯ ಈಚೆ

ಒಂದು ಯೋಜನೆಯಿಂದ ಒಳಿತಾಯಿತು ಎಂದು ಹೇಳುವುದು ಹೇಗೆ? ಹಣ ಖರ್ಚಾಯಿತು ಎಂದರೆ ಸಾಲದು. ಜನರ ಆರೋಗ್ಯ ಸುಧಾರಿಸಿದೆ ಎಂದರೂ ಸಾಲದು, ಯೋಜನೆ ಇಲ್ಲದಿದ್ದರೂ ಸುಧಾರಿಸುತ್ತಿತ್ತೋ ಏನೋ. ಮಗು ಪಾಸಾದದ್ದು ಟ್ಯೂಷನ್‌ನಿಂದಲೋ ಅಥವಾ ಅದು ಮೊದಲೇ ಜಾಣ ಮಗುವೋ ಎಂದು ತಾಯಂದಿರು ನನ್ನನ್ನು ಕೇಳುತ್ತಾರಲ್ಲ, ಅದೇ ಪ್ರಶ್ನೆ. ಉತ್ತರ ಬೇಕಾದರೆ ಟ್ಯೂಷನ್ ಇಲ್ಲದ ಅಂತಹದೇ ಮಗುವನ್ನು ಪಕ್ಕಕ್ಕಿಟ್ಟು ನೋಡಬೇಕು.

ಹತ್ತನೇ ಶತಮಾನದ ಆರಂಭದವರೆಗೆ ಬದುಕಿದ್ದ ವೈದ್ಯ ಅಬೂಬಕರ್ ರಾಝಿ ಇದನ್ನು ತಮ್ಮ 'ಅಲ್ ಹಾವಿ'ಯಲ್ಲಿ ಬರೆದಿಟ್ಟಿದ್ದಾರೆ. ಮೆದುಳಿನ ಉರಿಯೂತದ ಲಕ್ಷಣ ಕಂಡ ಕೆಲವರಿಗೆ ಆ ಕಾಲದ ಪದ್ಧತಿಯಂತೆ ರಕ್ತ ತೆಗೆದರು, ಬೇರೆ ಕೆಲವರಿಗೆ ಬೇಕೆಂದೇ ತೆಗೆಯಲಿಲ್ಲ, ಎರಡೂ ಗುಂಪಿನ ಗತಿ ಏನಾಯಿತೆಂದು ನೋಡಿದರು. ರಕ್ತ ತೆಗೆಯುವ ಚಿಕಿತ್ಸೆಯನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಆದರೆ ಹೋಲಿಸಿ ನೋಡಬೇಕೆಂಬ ಅವರ ಯೋಚನೆ ಇಂದಿಗೂ ಬದಲಾಗಿಲ್ಲ.

ನಮ್ಮ ರಾಜ್ಯದಲ್ಲಿ ಇಂತಹ ಹೋಲಿಕೆಗೆ ಒಂದು ಅಪರೂಪದ ಸಂದರ್ಭ ಒದಗಿತು. 2010ರ ಫೆಬ್ರವರಿಯಲ್ಲಿ 'ವಾಜಪೇಯಿ ಆರೋಗ್ಯಶ್ರೀ' ಆರಂಭವಾಯಿತು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟಗಾಯ, ದೊಡ್ಡ ಅಪಘಾತ ಇಂಥವುಗಳಿಗೆ ಒಂದೂವರೆ ಲಕ್ಷ ರೂಪಾಯಿಯವರೆಗೆ ಉಚಿತ ಚಿಕಿತ್ಸೆ, ಬೇಕಾದರೆ ಇನ್ನೂ 50 ಸಾವಿರ. ಕಂತು ಕಟ್ಟಬೇಕಿಲ್ಲ, ಅರ್ಜಿ ಹಾಕಬೇಕಿಲ್ಲ, ಕಾರ್ಡ್ ಇದ್ದರೆ ಸಾಕು. ಹಳ್ಳಿಗಳ ಬಳಿ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಲಾಗುತ್ತಿತ್ತು. ಸರಕಾರ ಇದನ್ನು ಮೊದಲು ಉತ್ತರ ಕರ್ನಾಟಕಕ್ಕೆ ಕೊಟ್ಟಿತು, ನಮ್ಮ ಮೈಸೂರು ವಿಭಾಗಕ್ಕೆ ಬಂದದ್ದು ಆಮೇಲೆ. ಹೀಗಾಗಿ ಕೆಲಕಾಲ ನಕ್ಷೆಯ ಮೇಲೆ ಒಂದು ಗೆರೆ ಇತ್ತು. ಗೆರೆಯ ಉತ್ತರದ ಹಳ್ಳಿಗೆ ಯೋಜನೆ ಇದೆ, ದಕ್ಷಿಣದ ಹಳ್ಳಿಗೆ ಇಲ್ಲ. ಮಳೆ ಒಂದೇ, ಬೆಳೆ ಒಂದೇ, ಬಡತನವೂ ಒಂದೇ.

ಅರ್ಥಶಾಸ್ತ್ರಜ್ಞರು ಮತ್ತು ವೈದ್ಯರು ಸೇರಿ ಈ ಗೆರೆಯ ಎರಡೂ ಬದಿಯ 572 ಹಳ್ಳಿಗಳ ಸುಮಾರು 60 ಸಾವಿರ ಮನೆಗಳಿಗೆ ಹೋದರು. ಅವರಲ್ಲಿ ಬೆಂಗಳೂರಿನ ಐಐಎಂನ ಅರ್ನಬ್ ಮುಖರ್ಜಿಯವರೂ ಇದ್ದರು. ವರದಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಆದ ಸಾವು ಯೋಜನೆಯಿದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ. 0.32, ಇಲ್ಲದ ಕಡೆ ಶೇ. 0.90. ಅಂದರೆ ಶೇ. 64ರಷ್ಟು ಕಡಿಮೆ. ದೊಡ್ಡ ಆಸ್ಪತ್ರೆ ಸೇರಿದಾಗ ಕೈಯಿಂದ ಹೋಗುವ ಖರ್ಚೂ ಕಡಿಮೆಯಾಗಿತ್ತು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅವರು ಮಾಡಿದ ಇನ್ನೊಂದು ಪರೀಕ್ಷೆ. ಅವೇ ಹಳ್ಳಿಗಳ ಬಿಪಿಎಲ್ ಅಲ್ಲದ ಕುಟುಂಬಗಳನ್ನೂ ಅವರು ನೋಡಿದರು. ಅವರಿಗೆ ಯೋಜನೆಯೇ ಇರಲಿಲ್ಲ. ಅಲ್ಲಿ ಎರಡೂ ಕಡೆ ಸಾವಿನ ಪ್ರಮಾಣ ಹೆಚ್ಚು ಕಡಿಮೆ ಒಂದೇ, ಶೇ. 0.56 ಮತ್ತು 0.55. ಉತ್ತರದ ಹಳ್ಳಿಗಳ ನೀರೋ ಗಾಳಿಯೋ ಒಳ್ಳೆಯದೆಂಬುದೇ ಕಾರಣವಾಗಿದ್ದರೆ ಇವರಿಗೂ ಲಾಭವಾಗಬೇಕಿತ್ತು. ಆಗಲಿಲ್ಲ. ಆದ್ದರಿಂದ ಉಳಿದ ಜೀವಗಳಿಗೆ ಯೋಜನೆಯೇ ಕಾರಣವೆಂಬ ಮಾತಿಗೆ ಬಲ ಬಂತು.

ಶೇ. 64 ಎಂಬ ಸಂಖ್ಯೆಯನ್ನು ಕಣ್ಣು ಮುಚ್ಚಿ ನಂಬಬೇಕೆಂದಿಲ್ಲ. ಸತ್ತವರ ಕಾಯಿಲೆ ಏನೆಂದು ಮನೆಯವರ ಬಾಯಿಂದ ಕೇಳಿ ಬರೆದದ್ದು. ಎದೆನೋವು ಎಂದರೆ ಹೃದ್ರೋಗವೇ ಆಗಿರಬೇಕೆಂದಿಲ್ಲ. ಯೋಜನೆಯಿಂದ ಆಸ್ಪತ್ರೆಗೆ ಹೋಗುವವರು ಖಚಿತವಾಗಿ ಹೆಚ್ಚಾದರೆಂದು ಹೇಳಲು ಅವರ ಅಂಕಿಗಳು ಸಾಲಲಿಲ್ಲ ಎಂಬುದನ್ನು ಸಂಶೋಧಕರೇ ಮುಚ್ಚಿಡದೆ ಬರೆದಿದ್ದಾರೆ. ಆದರೂ ಇಂತಹ ಪ್ರಾಮಾಣಿಕ ಲೆಕ್ಕ ನಮ್ಮಲ್ಲಿ ಎಷ್ಟು ಯೋಜನೆಗಳಿಗೆ ನಡೆದಿದೆ? ಅದೇ ಸಾಲಿನಲ್ಲಿ ಬಂದದ್ದು 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಎಂಬುದು ಎಲ್ಲರಿಗೂ ಗೊತ್ತು. ತುರ್ತು ಸಂದರ್ಭ ಬಿಟ್ಟು ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು ಎಂಬ ನಿಯಮ ಮಾತ್ರ ನಮ್ಮ ಮನೆಗಳಿಗೆ ಗೊತ್ತಾಗುವುದು ಕೌಂಟರಿನ ಮುಂದೆ ನಿಂತಾಗ. ಮೊದಲು ಕೆ.ಆರ್. ಆಸ್ಪತ್ರೆಗೆ ಹೋಗಿದ್ದರೆ ಉಳಿಯುತ್ತಿದ್ದ ಒಡವೆ ಆಗಲೇ ಗಿರವಿ ಅಂಗಡಿ ಸೇರಿರುತ್ತದೆ.

ಅಕ್ಕಿ ಡಬ್ಬದ ಹಿಂದಿನ ಮಾತ್ರೆ

ಗರ್ಭಿಣಿಗೆ 180 ಕಬ್ಬಿಣಾಂಶದ ಮಾತ್ರೆ ಕೊಡಬೇಕೆಂಬುದು ನಿಯಮ. ಕೊಡುತ್ತಾರೆ. ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ವರದಿ ಮೇಲಕ್ಕೆ ಹೋಗುತ್ತದೆ. ಇಷ್ಟೆಲ್ಲ ಆದ ಮೇಲೆ ಫಲಿತಾಂಶ ಏನು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ 2015-16ರಲ್ಲಿ ಶೇ. 44.8 ಇತ್ತು, 2019-20ರ ಹೊತ್ತಿಗೆ ಶೇ. 47.8 ಆಯಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 60.9ರಿಂದ 65.5ಕ್ಕೆ ಏರಿತು. ಇಳಿಯಬೇಕಾದದ್ದು ಏರಿದೆ! ಇದೇ ಅವಧಿಯಲ್ಲಿ ಮಕ್ಕಳ ಪೂರ್ಣ ಲಸಿಕೆ ಶೇ. 62.6ರಿಂದ 84.1ಕ್ಕೆ ಹೋಗಿದೆ. ಅಂದರೆ ಇಲಾಖೆ ಕೆಲಸವನ್ನೇ ಮಾಡಲಿಲ್ಲ ಎನ್ನುವ ಹಾಗಿಲ್ಲ.

ವ್ಯತ್ಯಾಸ ಎಲ್ಲಿದೆ? ಲಸಿಕೆಯನ್ನು ನರ್ಸ್ ಕೈಯಾರೆ ಹಾಕುತ್ತಾರೆ. ಮಾತ್ರೆಯನ್ನು ನುಂಗಬೇಕಾದವಳು ಮನೆಯಲ್ಲಿರುವ ಹೆಂಗಸು. ಅಶೋಕಪುರಂನ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಮೂರನೆಯ ಬಾರಿ ಬಸುರಿಯಾಗಿದ್ದಾಗ ಅವರ ಮನೆಗೆ ಹೋಗಿದ್ದೆ. ಅಕ್ಕಿ ಡಬ್ಬದ ಹಿಂದೆ ಮಾತ್ರೆಯ ಹಾಳೆಗಳು ಹಾಗೆಯೇ ಇದ್ದವು, ಒಂದೂ ಒಡೆದಿರಲಿಲ್ಲ. ಏಕೆಂದು ಕೇಳಿದೆ.

"ತಿಂದ್ರೆ ಹೊಟ್ಟೆ ತೊಳಸ್ದಂಗಾಗುತ್ತೆ ಮಿಸ್. ತಿಂದ್ಯಾ ಅಂತ ಅವರು ಕೇಳಲ್ಲ, ತಿನ್ನಲಿಲ್ಲ ಅಂತ ನಾನೂ ಹೇಳಲ್ಲ."

ರಕ್ತಹೀನತೆಯ ಮೇಲೆ ಬಂದಿರುವ ದಪ್ಪ ದಪ್ಪ ವರದಿಗಳಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯ ನಾನು ಕಂಡಿಲ್ಲ. ನಮ್ಮ ಮನೆಗಳಲ್ಲೂ ಇದೇ ಕಥೆ. ಮಲ ಕಪ್ಪಗಾಗುತ್ತದೆಂದು ಹೆದರಿಕೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂಬ ಅತ್ತೆಯ ಮಾತು, ಬಿರಿಯಾನಿಯ ಮೇಲೊಂದು ಚಾಯ್ ಆಗಲೇಬೇಕೆಂಬ ಅಭ್ಯಾಸ. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಕುಡಿದ ಚಹಾ ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ, ನಿಂಬೆರಸ ಸೇರಿಸುತ್ತದೆ. ವಾಕರಿಕೆಯಾದರೆ ರಾತ್ರಿ ಮಲಗುವ ಮುಂಚೆ ನುಂಗಬಹುದು. ಮಲ ಕಪ್ಪಾಗುವುದು ಅಪಾಯವಲ್ಲ. ಈ ನಾಲ್ಕು ಮಾತು ಹೇಳಲು ಐದು ನಿಮಿಷ ಸಾಕು. ಆದರೆ ಆಶಾ ಕಾರ್ಯಕರ್ತೆಯ ಫಾರಮ್ಮಿನಲ್ಲಿ ಕೊಟ್ಟ ಮಾತ್ರೆಗೆ ಕಾಲಂ ಇದೆ, ಕೂತು ಮಾತಾಡಿದ ಐದು ನಿಮಿಷಕ್ಕೆ ಇಲ್ಲ. ಯಾವುದಕ್ಕೆ ಕಾಲಂ ಇದೆಯೋ ಆ ಕೆಲಸ ನಡೆಯುತ್ತದೆ. ಶಾಲೆಯಲ್ಲೂ ಹಾಗೆಯೇ, ಹಾಜರಿ ಪುಸ್ತಕ ತುಂಬಿರುತ್ತದೆ.

ಹೋಲಿಸಿ ನೋಡಿದ್ದರಿಂದ ಒಳ್ಳೆಯದಾದ ಉದಾಹರಣೆಯೂ ನಮ್ಮಲ್ಲೇ ಇದೆ. ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಕೊಡಬೇಕೇ ಬೇಡವೇ ಎಂದು ವರ್ಷಗಟ್ಟಲೆ ಜಗಳ ನಡೆಯಿತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಮೊಟ್ಟೆ ಆರಂಭವಾಯಿತು, ತಿನ್ನದವರಿಗೆ ಬಾಳೆಹಣ್ಣು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ, ಸಿಗದ ಗದಗದ ಮಕ್ಕಳನ್ನೂ ತೂಗಿ ನೋಡಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು, ಅದರಲ್ಲೂ ಎಂಟನೇ ತರಗತಿಯ ಹೆಣ್ಣು ಮಕ್ಕಳದ್ದು. 2022-23ನೇ ಸಾಲಿನಲ್ಲಿ ಎಲ್ಲ ಜಿಲ್ಲೆಗಳಿಗೂ ಮೊಟ್ಟೆ ಬಂತು. 2024ರಲ್ಲಿ ಅಝೀಂ ಪ್ರೇಮ್‌ಜಿ ಫೌಂಡೇಶನ್ 1,500 ಕೋಟಿ ರೂಪಾಯಿಯ ನೆರವು ಘೋಷಿಸಿ ವಾರಕ್ಕೆ ಆರು ದಿನವಾಯಿತು. ಮೊಟ್ಟೆ ಯಾರ ಧರ್ಮಕ್ಕೆ ಸೇರಿದ್ದು ಎಂಬ ಚರ್ಚೆಗೆ ತಕ್ಕಡಿ ಉತ್ತರ ಕೊಟ್ಟಿತು. ಅಂದ ಹಾಗೆ, ನಮ್ಮ ಹುಡುಗಿಯರಲ್ಲಿ ಕೆಲವರು ಮೊಟ್ಟೆಯನ್ನು ಡಬ್ಬಿಯಲ್ಲಿಟ್ಟು ಮನೆಗೆ ಒಯ್ಯುತ್ತಾರೆ. ತಮ್ಮನಿಗಂತೆ.

ಸಾವಿನ ಲೆಕ್ಕ

ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸಾಯುವ ತಾಯಂದಿರ ಸಂಖ್ಯೆ 2001-03ರಲ್ಲಿ 228 ಇತ್ತು. 2018-20ರಲ್ಲಿ 69. ಇದು ಸಣ್ಣ ಸಾಧನೆಯಲ್ಲ. ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ನಮ್ಮ ಚೆಲುವಾಂಬ ಆಸ್ಪತ್ರೆಯ ವರಾಂಡದಲ್ಲಿ ಉದಯಗಿರಿಯ ಬುರ್ಖಾದ ಹೆಂಗಸೂ ಅಶೋಕಪುರಂನ ಹೆಂಗಸೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಫ್ಲಾಸ್ಕಿನ ಹಾಲು ಹಂಚಿಕೊಳ್ಳುವುದನ್ನು ನೋಡಿದ್ದೇನೆ.

ಆದರೆ ಆಸ್ಪತ್ರೆ ತಲುಪಿದ ಮೇಲೆ ಏನಾಗುತ್ತದೆ? 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಕೆಲವೇ ವಾರಗಳಲ್ಲಿ ಸತ್ತರು. ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಮೇಲೆ ಶಂಕೆ ಎದ್ದಿತು. ಆ ಗದ್ದಲದ ನಂತರ ಸರಕಾರ ರಾಜ್ಯದ ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಲು ತಜ್ಞರಿಗೆ ವಹಿಸಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ 464 ತಾಯಂದಿರು ಸತ್ತಿದ್ದರು. ಅವುಗಳಲ್ಲಿ ಶೇ. 70ರಷ್ಟು ಸಾವುಗಳನ್ನು ತಡೆಯಬಹುದಿತ್ತು ಎಂದು 2025ರಲ್ಲಿ ಹೊರಬಂದ ವರದಿ ಹೇಳಿತು.

ತಡೆಯಬಹುದಿತ್ತು! ಅಲ್ಲಾಹನು ನಿಶ್ಚಯಿಸಿದ್ದು ಆಯಿತು ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಮರಣದ ಸಮಯ ಅವನ ಕೈಯಲ್ಲಿದೆ ಎಂಬುದರಲ್ಲಿ ವಿಶ್ವಾಸಿಗೆ ಸಂಶಯವಿಲ್ಲ. ಆದರೆ ರಕ್ತ ಸಮಯಕ್ಕೆ ತರಿಸದವನ, ದ್ರಾವಣ ಪರೀಕ್ಷಿಸದೆ ಸಹಿ ಹಾಕಿದವನ ಹೊಣೆಯನ್ನು ಆ ನಂಬಿಕೆ ತೊಳೆಯುವುದಿಲ್ಲ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ಮಕ್ಕಳಿಗೆ ಕಲಿಸುವುದು ಸುಮ್ಮನೆಯೇ?

ಇನ್ನೊಂದು ಸಂಖ್ಯೆಯೂ ಇದೆ. ರಾಜ್ಯದಲ್ಲಿ ಸಿಸೇರಿಯನ್ ಹೆರಿಗೆ ಶೇ. 23.6ರಿಂದ 31.5ಕ್ಕೆ ಏರಿತು, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಆಸ್ಪತ್ರೆ ಹೆರಿಗೆ ಎಷ್ಟು ಎಂದು ಮಾತ್ರ ಎಣಿಸಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಪರೀಕ್ಷಿಸಲು ಸಂಸ್ಥೆಗಳಿಲ್ಲವೆಂದಲ್ಲ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವಿದೆ, ಇಲಾಖೆಗಳ ಯೋಜನೆಗಳನ್ನು ಹೊರಗಿನವರಿಂದ ಅಧ್ಯಯನ ಮಾಡಿಸುವುದು ಅದರ ಕೆಲಸ. ಮಹಾಲೇಖಪಾಲರ ವರದಿಗಳು ವಿಧಾನಸಭೆಯ ಮುಂದೆ ಬರುತ್ತವೆ. ಇದಕ್ಕೆಲ್ಲ ಮುಂಚೆಯೇ, 1999ರ ಡಿಸೆಂಬರ್‌ನಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಮಾಡಿದ ಡಾ. ಎಚ್. ಸುದರ್ಶನ್‌ರವರ ಅಧ್ಯಕ್ಷತೆಯಲ್ಲಿ ಆರೋಗ್ಯ ಕಾರ್ಯಪಡೆ ರಚನೆಯಾಗಿ 2001ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಸಮಾನತೆ, ಗುಣಮಟ್ಟದ ಜೊತೆಗೆ ಪ್ರಾಮಾಣಿಕತೆ ಎಂಬ ಪದವನ್ನೂ ಆ ವರದಿ ತನ್ನ ಹೆಸರಿನಲ್ಲೇ ಇಟ್ಟುಕೊಂಡಿತ್ತು. ಆಸ್ಪತ್ರೆಗಳ ಲಂಚವನ್ನು ಅದು ಮುಚ್ಚಿಡಲಿಲ್ಲ. ಮೈಸೂರಿನ 'ಗ್ರಾಮ್' ಸಂಸ್ಥೆಯವರು 'ಆರೋಗ್ಯಶ್ರೇಣಿ' ಎಂಬ ಹೆಸರಿನಲ್ಲಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಊರಿನವರಿಂದಲೇ ಫೋನ್ ಮೂಲಕ ಅಂಕ ಹಾಕಿಸಿದ್ದೂ ಉಂಟು. ಗ್ಯಾರಂಟಿ ಯೋಜನೆಗಳ ಲೆಕ್ಕವೂ ಬರುತ್ತಲೇ ಇದೆ. 2023ರ ಆಗಸ್ಟ್ 30ರಂದು ನಮ್ಮ ಮಹಾರಾಜ ಕಾಲೇಜು ಮೈದಾನದಲ್ಲೇ ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿತು. ಶಕ್ತಿ ಯೋಜನೆಯ ಉಚಿತ ಪ್ರಯಾಣ 2025ರ ಜುಲೈಯಲ್ಲಿ 500 ಕೋಟಿ ದಾಟಿತು. ಟಿಕೆಟ್ ಎಣಿಸುವುದು ಸುಲಭ. ಆ ಟಿಕೆಟಿನಲ್ಲಿ ಎಷ್ಟು ಮಂದಿ ಕೆಲಸಕ್ಕೆ ಹೋದರು, ಎಷ್ಟು ಮಂದಿ ಮುಂದೂಡುತ್ತಿದ್ದ ಆಸ್ಪತ್ರೆಗೆ ಹೋದರು, ಖಾತೆಗೆ ಬಂದ 2,000 ರೂಪಾಯಿಯನ್ನು ಖರ್ಚು ಮಾಡುವ ತೀರ್ಮಾನ ಯಾರದ್ದಾಗಿತ್ತು? ಇದನ್ನು ಬಸ್ಸಿನ ಯಂತ್ರವಾಗಲಿ ಬ್ಯಾಂಕಾಗಲಿ ಹೇಳಲಾರದು. ಹೇಳಬೇಕಾದವಳು ನೀವು.

ನಮ್ಮ ಬಗ್ಗೆ ನಮಗೇ ಗೊತ್ತಿಲ್ಲದ್ದು

2006ರ ನವೆಂಬರ್‌ನಲ್ಲಿ ಸಾಚಾರ್ ಸಮಿತಿಯ ವರದಿ ಸಂಸತ್ತಿನ ಮುಂದೆ ಬಂತು. ನಮ್ಮ ಸಭೆಗಳಲ್ಲಿ ಅದರ ಶಿಕ್ಷಣ, ಉದ್ಯೋಗದ ಅಧ್ಯಾಯಗಳನ್ನು ಎಲ್ಲರೂ ಹೇಳುತ್ತಾರೆ. ಆರೋಗ್ಯದ ಭಾಗವನ್ನು ಓದಿದವರು ವಿರಳ. ಬಡತನ ಹೆಚ್ಚಿದ್ದರೂ ಮುಸ್ಲಿಮರಲ್ಲಿ ಶಿಶು ಮರಣ ದೇಶದ ಸರಾಸರಿಗಿಂತ ಕಡಿಮೆ, ಮಕ್ಕಳ ಲಿಂಗಾನುಪಾತ ಉತ್ತಮ ಎಂದು ಅಲ್ಲಿದೆ. ಹೆಣ್ಣು ಭ್ರೂಣವನ್ನು ಕೊಲ್ಲದ ಒಂದು ಸಮುದಾಯದ ಬಗ್ಗೆ ಹೆಮ್ಮೆ ಪಡಬಹುದಾದ ಮಾತಿದು. ಅದೇ ವರದಿಯಲ್ಲಿ ನಮ್ಮ ಕೇರಿಗಳಿಗೆ ಆಸ್ಪತ್ರೆ, ರಸ್ತೆ, ನೀರು ಕಡಿಮೆ ಎಂಬ ಮಾತೂ ಇದೆ. ಎರಡೂ ಗೊತ್ತಾದದ್ದು ಜನಗಣತಿ ಮತ್ತು ಸಮೀಕ್ಷೆಗಳಿಂದ, ಯಾರೋ ತಾಯಂದಿರು ಬಾಗಿಲು ತೆರೆದು ಉತ್ತರ ಕೊಟ್ಟದ್ದರಿಂದ.

ಹಾಗೆಂದು ಬಂದವರಿಗೆಲ್ಲ ಎಲ್ಲವನ್ನೂ ಹೇಳಬೇಕೆಂದು ನನ್ನ ಅಭಿಪ್ರಾಯವಲ್ಲ. ಗುರುತಿನ ಚೀಟಿ ಕೇಳಿ. ಯಾವ ಇಲಾಖೆ, ಯಾವ ಸಮೀಕ್ಷೆ ಎಂದು ಕೇಳಿ. ಹೆಸರು ಗುಪ್ತವಾಗಿರುತ್ತದೆಯೇ ಎಂದು ಕೇಳಿ. ಬ್ಯಾಂಕಿನ ಒಟಿಪಿ ಯಾವ ಸಮೀಕ್ಷೆಗೂ ಬೇಕಿಲ್ಲ. ಉತ್ತರವನ್ನು ಮಾತ್ರ ಯಜಮಾನರಿಗೆ ಬಿಡಬೇಡಿ. ಮಾತ್ರೆ ನುಂಗಿದಿರಾ, ಹೆರಿಗೆಯ ವಾರ್ಡಿನಲ್ಲಿ ಯಾರಿಗಾದರೂ ಹಣ ಕೊಡಬೇಕಾಯಿತೇ, ಪಡಿತರ ಪೂರ್ತಿ ಬಂತೇ ಎಂಬುದು ಅವರಿಗೆ ಹೇಗೆ ಗೊತ್ತಿರುತ್ತದೆ? ನುಂಗಲಿಲ್ಲವಾದರೆ ನುಂಗಲಿಲ್ಲ ಎಂದೇ ಬರೆಸಿ. ಆಶಾ ಕಾರ್ಯಕರ್ತೆಗೆ ಬೈಗುಳ ಬಿದ್ದೀತೆಂಬ ಮರುಕದಿಂದ ಹೌದು ಎಂದರೆ, ಮೇಲಿನವರು ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ.

ನಗರದ ಬಡ ಬಡಾವಣೆಗಳಲ್ಲಿ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದಡಿ ಮಹಿಳಾ ಆರೋಗ್ಯ ಸಮಿತಿಗಳೆಂಬುದಿದೆ. ಐವತ್ತರಿಂದ ನೂರು ಮನೆಗಳಿಗೆ ಒಂದು, ಹತ್ತು ಹನ್ನೆರಡು ಹೆಂಗಸರು ಸದಸ್ಯರು, ವರ್ಷಕ್ಕೆ 5,000 ರೂಪಾಯಿಯ ನಿಧಿ. ನಿಮ್ಮ ಗಲ್ಲಿಯ ಸಮಿತಿಯಲ್ಲಿ ಯಾರಿದ್ದಾರೆಂದು ಗೊತ್ತೇ? ಆಶಾ ಕಾರ್ಯಕರ್ತೆಯನ್ನೇ ಕೇಳಿ ನೋಡಿ. ನಿಮ್ಮದೇ ಹೆಸರಿದ್ದರೂ ಇರಬಹುದು, ಎಂದೋ ಒಂದು ದಿನ ಸಹಿ ಹಾಕಿಸಿಕೊಂಡು ಹೋಗಿರುತ್ತಾರೆ. ಆ ನಿಧಿ ಹೋದ ವರ್ಷ ಯಾವುದಕ್ಕೆ ಖರ್ಚಾಯಿತೆಂದು ಪುಸ್ತಕ ತೋರಿಸಲು ಹೇಳಿ. ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಕನ್ನಡದಲ್ಲೇ ಒಂದು ಅರ್ಜಿ, 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು. ಅರ್ಜಿ ಬರೆಯಲು ಬಾರದಿದ್ದರೆ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗಳಿದ್ದಾಳಲ್ಲ, ಪತ್ರಲೇಖನ ಅವಳ ಪಠ್ಯದಲ್ಲೇ ಇದೆ.